ಎಣ್ಣೆಯೊಳಗಿನ ಗುಳ್ಳೆ: ಯಾವಾಗ ಸಿಡಿಯುತ್ತದೆ, ಯಾವಾಗ ಸುಮ್ಮನಿರುತ್ತದೆ

ಹೈ ವೋಲ್ಟೇಜ್ ಉಪಕರಣಗಳ ಜೊತೆ ಕೆಲಸ ಮಾಡುವವರಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಒಟ್ಟಿಗೆ ನೀಡಿದ ಉಪನ್ಯಾಸದ ಬರಹ ರೂಪ.

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕದಿಂದಲೇ ಶುರು ಮಾಡೋಣ. ಟ್ರಾನ್ಸ್‌ಫಾರ್ಮರಿಗೆ ಹಾಕುವ ಖನಿಜ ತೈಲವನ್ನು ಚೆನ್ನಾಗಿ ಸೋಸಿ, ಒಣಗಿಸಿ, ಅದರಲ್ಲಿ ಕರಗಿರುವ ಗಾಳಿಯನ್ನು ತೆಗೆದು ಐಇಸಿ 60156 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವ ಪರೀಕ್ಷಾ ಪಾತ್ರೆಗೆ ತುಂಬುತ್ತೇವೆ. ಎಲೆಕ್ಟ್ರೋಡುಗಳ ನಡುವೆ 2.5 ಮಿ.ಮೀ. ಅಂತರ, ವೋಲ್ಟೇಜ್ ಸೆಕೆಂಡಿಗೆ 2 ಕಿಲೋವೋಲ್ಟಿನಂತೆ (ಕೆವಿ) ಏರುತ್ತದೆ, ಆರು ಸಲ ಸಿಡಿಸಿ ಸರಾಸರಿ ತೆಗೆಯುತ್ತೇವೆ. ಒಳ್ಳೆಯ ಎಣ್ಣೆ 70 ಕೆವಿ ದಾಟುತ್ತದೆ. ಅಂದರೆ ಮಿಲಿಮೀಟರಿಗೆ 28 ಕೆವಿ ಆರ್‌ಎಂಎಸ್ (ಎಸಿ ವೋಲ್ಟೇಜಿನ ಪರಿಣಾಮಕಾರಿ ಬೆಲೆ). ಈಗ ಅದೇ ಎಣ್ಣೆಯಲ್ಲಿ ಒಂದು ಮಿಲಿಮೀಟರ್ ವ್ಯಾಸದ ಒಂದೇ ಒಂದು ಗಾಳಿಗುಳ್ಳೆ ಇದೆ ಎಂದುಕೊಳ್ಳಿ. ಮಿಲಿಮೀಟರಿಗೆ ಸುಮಾರು 2.5 ಕೆವಿ ಆದಾಗಲೇ ಆ ಗುಳ್ಳೆಯೊಳಗೆ ಡಿಸ್ಚಾರ್ಜ್, ಅಂದರೆ ಅನಿಲದ ಮೂಲಕ ವಿದ್ಯುತ್ ಸಿಡಿತ, ಆಗಲು ಬೇಕಾದ ಪರಿಸ್ಥಿತಿ ಸಿದ್ಧವಾಗಿರುತ್ತದೆ. ಎಣ್ಣೆಯ ತಾಕತ್ತಿನ ಹತ್ತನೇ ಒಂದು ಭಾಗವೂ ಬೇಕಾಗಲಿಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರುಗಳ ಎಣ್ಣೆನಾಳಗಳಲ್ಲಿ ದಿನನಿತ್ಯ ಇರುವ ವಿದ್ಯುತ್ ಕ್ಷೇತ್ರವೂ (ಮಿಲಿಮೀಟರಿಗೆ ಬೀಳುವ ವೋಲ್ಟೇಜ್) ಹೆಚ್ಚುಕಡಿಮೆ ಇದೇ ಮಟ್ಟದ್ದು.

ಪರಿಸ್ಥಿತಿ ಸಿದ್ಧವಾದ ಮಾತ್ರಕ್ಕೆ ಡಿಸ್ಚಾರ್ಜ್ ಆಗಿಯೇ ಆಗುತ್ತದೆ ಎಂದಲ್ಲ. ಗಟ್ಟಿ ನಿರೋಧಕದೊಳಗಿನ ಪೊಳ್ಳು ಇದ್ದಲ್ಲೇ ಇರುತ್ತದೆ, ಇದ್ದ ಗಾತ್ರದಲ್ಲೇ ಇರುತ್ತದೆ. ಗುಳ್ಳೆ ಹಾಗಲ್ಲ. ಅದು ಏರುತ್ತದೆ, ಅಂಟಿಕೊಳ್ಳುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ, ಕರಗಿ ಮಾಯವಾಗಿ ಇನ್ನೊಂದು ಕಡೆ ಹುಟ್ಟುತ್ತದೆ. ಹಾಗಾಗಿ ಗುಳ್ಳೆಯ ಬಗ್ಗೆ ತೀರ್ಪು ಕೊಡಬೇಕಾದರೆ ಎಷ್ಟು ವೋಲ್ಟೇಜ್ ಎಂದು ಕೇಳಿದರೆ ಸಾಲದು, ಎಷ್ಟು ಹೊತ್ತು ಕಾದಿರಿ, ಒತ್ತಡ ಎಷ್ಟಿತ್ತು, ಎಣ್ಣೆಯಲ್ಲಿ ಎಷ್ಟು ಅನಿಲ ಕರಗಿತ್ತು ಎಂಬುದನ್ನೂ ಕೇಳಬೇಕು. ಇವತ್ತಿನ ಮಾತೆಲ್ಲ ಈ ಮೂರು ಪ್ರಶ್ನೆಗಳ ಸುತ್ತ.

ಎರಡೂವರೆ ಕೆವಿ ಎಲ್ಲಿಂದ ಬಂತು

ಖನಿಜ ತೈಲದ ಸಾಪೇಕ್ಷ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಅಳತೆ, ε) 2.2, ಅನಿಲದ್ದು 1. ಪರ್ಮಿಟಿವಿಟಿ ಕಡಿಮೆ ಇರುವ ಕಡೆ ಕ್ಷೇತ್ರ ಹೆಚ್ಚು. ಉರುಟು ಗುಳ್ಳೆಯಲ್ಲಿ ಈ ಹೆಚ್ಚಳ 3ε/(2ε+1). ಬೆಲೆ ಹಾಕಿದರೆ 6.6 ಭಾಗಿಸು 5.4, ಅಂದರೆ 1.22. ಚಪ್ಪಟೆಯಾಗಿ, ಕ್ಷೇತ್ರಕ್ಕೆ ಅಡ್ಡಲಾಗಿ ಹರಡಿಕೊಂಡ ಗುಳ್ಳೆಯಲ್ಲಿ ಪೂರ್ತಿ 2.2 ಪಟ್ಟು. ಎಣ್ಣೆ ಕುಡಿದ ಪ್ರೆಸ್‌ಬೋರ್ಡಿನ (ಒತ್ತಿ ಮಾಡಿದ ದಪ್ಪ ನಿರೋಧಕ ರಟ್ಟು) ಪದರಗಳ ನಡುವೆ ತೆಳ್ಳಗೆ ಸಿಕ್ಕಿಕೊಂಡ ಅನಿಲವಾದರೆ ಸುಮಾರು ನಾಲ್ಕು ಪಟ್ಟು. ಆದ್ದರಿಂದ ತೇಲಾಡುವ ಗುಳ್ಳೆಗಿಂತ ಸಿಕ್ಕಿಹಾಕಿಕೊಂಡ ಗುಳ್ಳೆಗೇ ನಾವು ಹೆಚ್ಚು ಹೆದರಬೇಕು.

ಇನ್ನು ಅನಿಲದ ತಾಕತ್ತು. 1889ರಲ್ಲಿ ಜರ್ಮನಿಯ ಭೌತವಿಜ್ಞಾನಿ ಪಾಶೆನ್ ತೋರಿಸಿದ ಪ್ರಕಾರ ಅನಿಲ ಸಿಡಿಯುವ ವೋಲ್ಟೇಜ್ ಒತ್ತಡ ಮತ್ತು ಅಂತರಗಳ ಗುಣಲಬ್ಧವನ್ನು ಅವಲಂಬಿಸುತ್ತದೆ. ವಾತಾವರಣದ ಒತ್ತಡದಲ್ಲಿ ಒಂದು ಮಿಲಿಮೀಟರ್ ಗಾಳಿಗೆ ಸುಮಾರು 4.4 ಕೆವಿ ಪೀಕ್ (ಗರಿಷ್ಠ ಬೆಲೆ, ಆರ್‌ಎಂಎಸ್‌ನ 1.41 ಪಟ್ಟು) ಬೇಕು. ಅದನ್ನು 1.22ರಿಂದ ಭಾಗಿಸಿದರೆ ಎಣ್ಣೆಯಲ್ಲಿ 3.6 ಕೆವಿ ಪೀಕ್, ಆರ್‌ಎಂಎಸ್ ಲೆಕ್ಕದಲ್ಲಿ 2.5. ಗುಳ್ಳೆ 0.1 ಮಿ.ಮೀ.ಗೆ ಇಳಿದರೆ ಅದರ ಆಚೀಚೆ ಸುಮಾರು 1 ಕೆವಿ ಬೇಕು. ಅಂದರೆ ಗುಳ್ಳೆಯೊಳಗೆ ಮಿಲಿಮೀಟರಿಗೆ 10 ಕೆವಿ, ಎಣ್ಣೆಯಲ್ಲಿ ಆರ್‌ಎಂಎಸ್ ಐದೂಮುಕ್ಕಾಲರ ಆಸುಪಾಸು. ಇನ್ನೂ ಸಣ್ಣದಾಗಿ 0.01 ಮಿ.ಮೀ. ಆದರೆ ಅನಿಲ ಸಿಡಿಯುವಷ್ಟರಲ್ಲಿ ಎಣ್ಣೆಯ ಮಿತಿಯೇ ಹತ್ತಿರ ಬಂದಿರುತ್ತದೆ. ಗುಳ್ಳೆಯ ವ್ಯಾಸವನ್ನು ಹತ್ತನೇ ಒಂದಕ್ಕೆ ಇಳಿಸಿದರೆ ಅಪಾಯ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಈ ಅಂಕಿಗಳಲ್ಲಿ ಗಮನಿಸಿ. ವ್ಯಾಕ್ಯೂಮಿನಲ್ಲಿ ಎಣ್ಣೆ ತುಂಬುವುದರ ಹಿಂದಿನ ತರ್ಕ ಇದೇ.

ಒತ್ತಡದ ಪ್ರಭಾವವೂ ಇಲ್ಲಿಂದಲೇ ತಿಳಿಯುತ್ತದೆ. ಒಂದು ಮೀಟರ್ ಎತ್ತರದ ಎಣ್ಣೆ ಸುಮಾರು 8.6 ಕಿಲೋಪಾಸ್ಕಲ್ ಒತ್ತಡ ಹಾಕುತ್ತದೆ. ಟ್ಯಾಂಕಿನಲ್ಲಿ ಮೂರು ಮೀಟರ್ ಆಳದಲ್ಲಿರುವ ಒಂದು ಮಿ.ಮೀ. ಗುಳ್ಳೆಗೆ ಸಿಡಿಯಲು ಮೇಲ್ಮೈಯಲ್ಲಿರುವ ಅಷ್ಟೇ ದೊಡ್ಡ ಗುಳ್ಳೆಗಿಂತ ಐದನೇ ಒಂದು ಭಾಗದಷ್ಟು ಹೆಚ್ಚು ವೋಲ್ಟೇಜ್ ಬೇಕು. ಅದೇ ಗುಳ್ಳೆ ಮೇಲೇರುತ್ತಾ ಹಿಗ್ಗುತ್ತದೆ, ಸಿಡಿಯುವ ಮಟ್ಟವೂ ಇಳಿಯುತ್ತದೆ. ಸಾಮಾನ್ಯವಾಗಿ ಬುಷಿಂಗ್‌ನ (ತಂತಿಯನ್ನು ಟ್ಯಾಂಕಿನೊಳಗೆ ತರುವ ನಿರೋಧಕ ಕೊಳವೆ) ಕೆಳತುದಿ, ಲೀಡ್‌ಗಳು, ವೈಂಡಿಂಗಿನ (ತಂತಿಸುರುಳಿ) ಮೇಲಂಚು ಎಲ್ಲವೂ ಟ್ಯಾಂಕಿನ ಮೇಲ್ಭಾಗದಲ್ಲೇ ಇರುತ್ತವೆ. ಗುಳ್ಳೆಗಳು ಬಂದು ಸೇರುವುದೂ ಅಲ್ಲಿಗೇ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಗಾಳಿಯ ಪಾಶೆನ್ ರೇಖೆಯ ಅತಿ ಕೆಳಗಿನ ಬಿಂದು ಸುಮಾರು 327 ವೋಲ್ಟ್, ಒತ್ತಡ ಮತ್ತು ಅಂತರದ ಗುಣಲಬ್ಧ 0.76 ಪಾಸ್ಕಲ್-ಮೀಟರ್ ಇದ್ದಾಗ. 100 ಪಾಸ್ಕಲ್ ವ್ಯಾಕ್ಯೂಮಿನಲ್ಲಿ ಇದು 7.6 ಮಿ.ಮೀ. ಅಂತರಕ್ಕೆ ಸರಿಹೊಂದುತ್ತದೆ. ಅಂಥ ಅಂತರಗಳು ಟ್ರಾನ್ಸ್‌ಫಾರ್ಮರಿನೊಳಗೆ ಬೇಕಾದಷ್ಟಿವೆ. ವ್ಯಾಕ್ಯೂಮಿನಲ್ಲಿರುವ ಟ್ರಾನ್ಸ್‌ಫಾರ್ಮರಿಗೆ 500 ವೋಲ್ಟಿನ ಮೆಗ್ಗರ್ (ನಿರೋಧ ಅಳೆಯುವ ಸಾಧನ) ಹಚ್ಚುವುದೂ ತಪ್ಪು ಎನ್ನುವುದು ಇದಕ್ಕೇ. ಬರೀ ರೀಡಿಂಗ್ ಕೆಟ್ಟು ನಿಲ್ಲುವುದಿಲ್ಲ, ನಿರೋಧಕದ ಮೇಲ್ಮೈಯುದ್ದಕ್ಕೂ ಕಿಡಿ ಹರಿದು ಇಂಗಾಲದ ಗೆರೆ ಉಳಿದುಬಿಡಬಹುದು.

ಎಲೆಕ್ಟ್ರಾನಿಗಾಗಿ ಕಾಯುವ ಗುಳ್ಳೆ

ಈಗ ಪ್ರಯೋಗಾಲಯಕ್ಕೆ ಬರೋಣ. ಗಾಜಿನ ಪಾತ್ರೆಯಲ್ಲಿ ಅಂಚು ನುಣುಪಾಗಿ ಬಾಗಿಸಿದ ಎರಡು ಚಪ್ಪಟೆ ಎಲೆಕ್ಟ್ರೋಡುಗಳನ್ನು ನೆಟ್ಟಗೆ, ಎದುರುಬದುರಾಗಿ ನಿಲ್ಲಿಸಿ. ನಡುವಿನ ಅಂತರ 10 ಮಿ.ಮೀ., ಎಲೆಕ್ಟ್ರೋಡಿನ ಎತ್ತರ 50 ಮಿ.ಮೀ. ಕೆಳಗಿನಿಂದ 0.2 ಮಿ.ಮೀ. ಒಳವ್ಯಾಸದ ನಳಿಕೆಯ ಮೂಲಕ ಗಾಳಿಯನ್ನು ನಿಧಾನವಾಗಿ ಬಿಡಿ. ನಳಿಕೆ ಗಾಜಿನದೋ ಟೆಫ್ಲಾನಿನದೋ ಆಗಿರಲಿ, ತುದಿ ಕ್ಷೇತ್ರದಿಂದ ಸಾಕಷ್ಟು ಕೆಳಗಿರಲಿ. ಲೋಹದ ಸೂಜಿ ಇಟ್ಟರೆ ಅದರ ತುದಿಯಲ್ಲೇ ಕೊರೋನಾ (ಚೂಪು ತುದಿಯ ಸುತ್ತಲಿನ ಡಿಸ್ಚಾರ್ಜ್) ಶುರುವಾಗಿ, ಅಳೆದದ್ದು ಗುಳ್ಳೆಯನ್ನೋ ಸೂಜಿಯನ್ನೋ ಎಂದು ಹೇಳಲಾಗದು. ನಿಧಾನವಾಗಿ ಬಿಟ್ಟಾಗ ಗುಳ್ಳೆಯ ಗಾತ್ರವನ್ನು ನಳಿಕೆಯ ಬಾಯಿ ಮತ್ತು ಎಣ್ಣೆಯ ಮೇಲ್ಮೈ ಸೆಳೆತವೇ ತೀರ್ಮಾನಿಸುತ್ತವೆ. ಈ ನಳಿಕೆಯಿಂದ ಹೊರಬೀಳುವುದು ಸುಮಾರು 1.6 ಮಿ.ಮೀ. ಗುಳ್ಳೆ. ಲೆಕ್ಕದ ಪ್ರಕಾರ ಇದಕ್ಕೆ 10 ಮಿ.ಮೀ. ಅಂತರದಲ್ಲಿ ಸುಮಾರು 23 ಕೆವಿ ಆರ್‌ಎಂಎಸ್ ಸಾಕು.

23 ಕೆವಿ ಹಾಕಿ ಗುಳ್ಳೆಗಳನ್ನು ಬಿಡುತ್ತಾ ಹೋದರೆ ಬಹುಪಾಲು ಗುಳ್ಳೆಗಳು ಏನೂ ಆಗದೆ ಮೇಲೆ ಸಾಗಿಬಿಡುತ್ತವೆ. ಡಿಟೆಕ್ಟರಿನ ಪರದೆ ಖಾಲಿ. ಸಲಕರಣೆ ಕೆಟ್ಟಿದೆ ಎಂದು ಅನುಮಾನ ಬರುವುದು ಸಹಜ, ಆದರೆ ಸಲಕರಣೆಯಲ್ಲಿ ದೋಷವಿಲ್ಲ. ಡಿಸ್ಚಾರ್ಜ್ ಶುರುವಾಗಲು ಗುಳ್ಳೆಯೊಳಗೆ ಕನಿಷ್ಠ ಒಂದು ಬಿಡಿ ಎಲೆಕ್ಟ್ರಾನ್ ಇರಬೇಕು. ಅದನ್ನು ಕ್ಷೇತ್ರ ಓಡಿಸಬೇಕು, ಅದು ಅಣುಗಳಿಗೆ ಡಿಕ್ಕಿ ಹೊಡೆದು ಒಂದು ಎರಡಾಗಿ, ಎರಡು ನಾಲ್ಕಾಗಿ ಪ್ರವಾಹ ಬೆಳೆಯಬೇಕು. ಆ ಮೊದಲ ಎಲೆಕ್ಟ್ರಾನನ್ನು ಕೊಡುವುದು ಮುಖ್ಯವಾಗಿ ಕಾಸ್ಮಿಕ್ ಕಿರಣಗಳು ಮತ್ತು ಸುತ್ತಲಿನ ನೈಸರ್ಗಿಕ ವಿಕಿರಣ. ಸಾಮಾನ್ಯ ಪರಿಸರದಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಹತ್ತು ಅಯಾನು ಜೋಡಿಗಳು ಹುಟ್ಟುತ್ತವೆ. 1.6 ಮಿ.ಮೀ. ಗುಳ್ಳೆಯ ಗಾತ್ರ 0.002 ಘನ ಸೆಂಟಿಮೀಟರಿನಷ್ಟು. ಅಲ್ಲಿಗೆ ಸರಾಸರಿ 50 ಸೆಕೆಂಡಿಗೆ ಒಂದು ಎಲೆಕ್ಟ್ರಾನ್. ಗುಳ್ಳೆಯಾದರೋ ಎಲೆಕ್ಟ್ರೋಡುಗಳ ನಡುವಿನಿಂದ ಸುಮಾರು ಒಂದು ಸೆಕೆಂಡಿನಲ್ಲಿ ದಾಟಿಹೋಗಿರುತ್ತದೆ. ಹುಟ್ಟಿದ ಎಲೆಕ್ಟ್ರಾನೂ ಸರಿಯಾದ ಜಾಗದಲ್ಲಿ, ವೋಲ್ಟೇಜ್ ಪೀಕಿನ ಹತ್ತಿರ ಇರುವ ಹೊತ್ತಿನಲ್ಲೇ ಹುಟ್ಟಬೇಕು. ಗಾಳಿಯಲ್ಲಿ ಆಮ್ಲಜನಕ ಬೇರೆ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇದರಿಂದ ಹೊರಡುವ ಪರಿಣಾಮಗಳು ಬಹಳ ಮುಖ್ಯ. ಒಂದನೆಯದು, ವೋಲ್ಟೇಜನ್ನು ಸರಸರನೆ ಏರಿಸಿ ಯಾವ ಮಟ್ಟದಲ್ಲಿ ಡಿಸ್ಚಾರ್ಜ್ ಕಂಡಿತು ಎಂದು ಬರೆದುಕೊಂಡರೆ ಆ ಅಂಕಿ ಪಾಶೆನ್ ಬೆಲೆಗಿಂತ ತುಂಬಾ ಮೇಲಿರುತ್ತದೆ, ಒಂದೊಂದು ಸಲ ಒಂದೊಂದು ಬರುತ್ತದೆ. ಏರಿಕೆಯ ವೇಗ ಬದಲಿಸಿದರೆ ಬೆಲೆಯೂ ಬದಲಾಗುತ್ತದೆ. ಎಕ್ಸ್-ರೇ ಪಲ್ಸ್ ಹಾಯಿಸಿ ಎಲೆಕ್ಟ್ರಾನುಗಳನ್ನು ಒದಗಿಸಿದರೆ ಅದೇ ಗುಳ್ಳೆ ಲೆಕ್ಕದ ವೋಲ್ಟೇಜಿನ ಹತ್ತಿರವೇ ಸಿಡಿಯುತ್ತದೆ, ಚದುರುವಿಕೆಯೂ ಕಡಿಮೆಯಾಗುತ್ತದೆ. ಎಕ್ಸ್-ರೇ ಬಳಸುವವರು ಸೀಸದ ಮರೆ ಮತ್ತು ವಿಕಿರಣ ಸುರಕ್ಷತೆಯ ನಿಯಮಗಳನ್ನು ಮೊದಲು ನೋಡಿಕೊಳ್ಳಲೇಬೇಕು. ಎರಡನೆಯದು, ತಡವಾಗಿ ಬಂದ ಮೊದಲ ಡಿಸ್ಚಾರ್ಜ್ ಜೋರಾಗಿರುತ್ತದೆ, ಯಾಕೆಂದರೆ ಅಷ್ಟರಲ್ಲಿ ಕ್ಷೇತ್ರ ಬೇಕಾದ ಮಟ್ಟವನ್ನು ದಾಟಿ ಬಹಳ ಮೇಲೆ ಹೋಗಿರುತ್ತದೆ. ಮೂರನೆಯದು, ಲೈಟ್ನಿಂಗ್ ಇಂಪಲ್ಸ್ ಪರೀಕ್ಷೆ, ಅಂದರೆ ಸಿಡಿಲಿನಂಥ ವೋಲ್ಟೇಜ್ ಹೊಡೆತ ಕೊಡುವ ಪರೀಕ್ಷೆ. ಅಲ್ಲಿ ವೋಲ್ಟೇಜ್ 1.2 ಮೈಕ್ರೋಸೆಕೆಂಡಿನಲ್ಲಿ ಏರಿ 50 ಮೈಕ್ರೋಸೆಕೆಂಡಿನಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಅಷ್ಟು ಚಿಕ್ಕ ಅವಧಿಯಲ್ಲಿ ಸಣ್ಣ ಗುಳ್ಳೆಗೆ ಎಲೆಕ್ಟ್ರಾನ್ ಸಿಗುವ ಸಂಭವ ತೀರಾ ಕಡಿಮೆ. ಇಂಪಲ್ಸ್ ಪರೀಕ್ಷೆ ಪಾಸಾಯಿತು ಎಂಬುದನ್ನು ಗುಳ್ಳೆಯಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಯಾರೂ ಬಳಸಬಾರದು.

ಒಂದು ಸಲ ಸಿಡಿದ ಮೇಲೆ ಕಥೆಯೇ ಬೇರೆ. ಡಿಸ್ಚಾರ್ಜ್ ಆದಾಗ ಧನ ವಿದ್ಯುದಂಶ ಗುಳ್ಳೆಯ ಒಂದು ಗೋಡೆಗೂ ಋಣ ವಿದ್ಯುದಂಶ ಎದುರು ಗೋಡೆಗೂ ಹೋಗಿ ಕೂರುತ್ತವೆ. ಅವು ಒಳಗಿನ ಕ್ಷೇತ್ರವನ್ನು ಅಳಿಸಿಹಾಕುವುದರಿಂದ ಡಿಸ್ಚಾರ್ಜ್ ನಿಲ್ಲುತ್ತದೆ. ಒಣ, ಶುದ್ಧ ಎಣ್ಣೆಯ ವಾಹಕತೆ ಎಷ್ಟು ಕಡಿಮೆ ಎಂದರೆ ಈ ವಿದ್ಯುದಂಶ ಸೋರಿಹೋಗಲು ಸೆಕೆಂಡುಗಳೇ ಬೇಕು. 50 ಹರ್ಟ್ಜ್‌ನಲ್ಲಿ ವೋಲ್ಟೇಜಿನ ದಿಕ್ಕು ಬದಲಾಗುವುದು 10 ಮಿಲಿಸೆಕೆಂಡಿನಲ್ಲಿ. ದಿಕ್ಕು ಬದಲಾದಾಗ ಗೋಡೆಯ ಮೇಲೆ ಕೂತ ವಿದ್ಯುದಂಶದ ಕ್ಷೇತ್ರ ಹೊರಗಿನ ಕ್ಷೇತ್ರಕ್ಕೆ ಕೂಡಿಕೊಳ್ಳುತ್ತದೆ. ಗೋಡೆಯಿಂದಲೇ ಎಲೆಕ್ಟ್ರಾನುಗಳೂ ಸಿಗುತ್ತವೆ. ಹಾಗಾಗಿ ಮುಂದಿನ ಡಿಸ್ಚಾರ್ಜ್ ಬೇಗ ಬರುತ್ತದೆ, ವೋಲ್ಟೇಜ್ ಶೂನ್ಯ ದಾಟುವ ಮುನ್ನವೂ ಬರಬಹುದು. ಪರದೆಯಲ್ಲಿ ಪಲ್ಸುಗಳು ಎರಡೂ ಅರ್ಧಾವರ್ತಗಳ ಏರುಭಾಗದಲ್ಲಿ, ಹೆಚ್ಚುಕಡಿಮೆ ಸಮನಾಗಿ ಗುಂಪುಗೂಡುತ್ತವೆ. ಒಂದೇ ಬದಿ ಎದ್ದು ಕಂಡರೆ ಗುಳ್ಳೆಯ ಬದಲು ಯಾವುದೋ ಚೂಪು ತುದಿಯನ್ನು ಹುಡುಕುವುದು ಒಳ್ಳೆಯದು.

ಸಂಪರ್ಕವಿಲ್ಲದೆ ತೇಲುವ ಲೋಹದ ಚೂರಾದರೆ ಪಲ್ಸುಗಳ ಎತ್ತರ ಹೆಚ್ಚು ಬದಲಾಗದೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಗುಳ್ಳೆಯ ಪಲ್ಸುಗಳು ನಿಮಿಷದಿಂದ ನಿಮಿಷಕ್ಕೆ ಬದಲಾಗುತ್ತವೆ, ನಡುನಡುವೆ ಪೂರ್ತಿ ನಿಂತೂಬಿಡುತ್ತವೆ. ಗುಳ್ಳೆ ಕ್ಷೇತ್ರದ ದಿಕ್ಕಿನಲ್ಲಿ ಸ್ವಲ್ಪ ಉದ್ದವಾಗುತ್ತದೆ, ವಿದ್ಯುದಂಶ ಹೊತ್ತ ಗುಳ್ಳೆ ಪಕ್ಕಕ್ಕೆ ಸರಿಯುತ್ತದೆ. ಅಷ್ಟಲ್ಲದೆ ಪರ್ಮಿಟಿವಿಟಿ ಕಡಿಮೆ ಇರುವುದರಿಂದ ಹೆಚ್ಚು ಕ್ಷೇತ್ರವಿರುವ ಜಾಗದಿಂದ ಕಡಿಮೆ ಕ್ಷೇತ್ರದತ್ತ ಅದನ್ನು ತಳ್ಳುವ ಬಲವೂ ಇದೆ. ಈ ಬಲ ನಮ್ಮ ಪರವಾದದ್ದು, ಆದರೆ ಸ್ಪೇಸರಿನ (ಅಂತರ ಕಾಯುವ ತುಂಡು) ಅಡಿಯಲ್ಲಿ ಸಿಕ್ಕಿಕೊಂಡ ಗುಳ್ಳೆಯನ್ನು ಬಿಡಿಸಲು ಅದರಿಂದಾಗದು.

ಎಷ್ಟು ಪಿಕೋಕೂಲಂ

ಮಾಪನದ ವಿಷಯಕ್ಕೆ ಬಂದರೆ, ನಾವು ಹೊರಗಿನಿಂದ ಓದುವುದು ಗುಳ್ಳೆಯೊಳಗೆ ನಿಜವಾಗಿ ಹರಿದ ವಿದ್ಯುದಂಶವನ್ನಲ್ಲ, ಟರ್ಮಿನಲ್‌ನಲ್ಲಿ ಅದರ ತೋರಿಕೆಯ ಬೆಲೆಯನ್ನು. ಎರಡರ ನಡುವೆ ದೊಡ್ಡ ವ್ಯತ್ಯಾಸವಿದೆ. ಒಂದು ಮಿ.ಮೀ. ಗುಳ್ಳೆಯಲ್ಲಿ ಕ್ಷೇತ್ರ ಪೂರ್ತಿ ಕುಸಿದರೆ ಗೋಡೆಯಿಂದ ಗೋಡೆಗೆ ಸಾಗುವ ವಿದ್ಯುದಂಶ ಸುಮಾರು 165 ಪಿಕೋಕೂಲಂ (ಕೂಲಂ ವಿದ್ಯುದಂಶದ ಅಳತೆ, ಪಿಕೋ ಎಂದರೆ ಅದರ ಲಕ್ಷಕೋಟಿಯ ಒಂದು ಭಾಗ). ಎಲೆಕ್ಟ್ರೋಡುಗಳ ಅಂತರ 10 ಮಿ.ಮೀ. ಇದ್ದರೆ ಹೊರಗೆ ತೋರುವುದು ಬರೀ 13. ಅಂತರ 100 ಮಿ.ಮೀ. ಆದರೆ 1.3, ಸಾಮಾನ್ಯ ಪರೀಕ್ಷಾ ಕೊಠಡಿಯ ಗದ್ದಲದಲ್ಲಿ ಅದು ಕಾಣುವುದೇ ಇಲ್ಲ. ತೋರಿಕೆಯ ಬೆಲೆ ಗುಳ್ಳೆಯ ಘನಗಾತ್ರಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 2 ಮಿ.ಮೀ. ಗುಳ್ಳೆ ಅದೇ 10 ಮಿ.ಮೀ. ಅಂತರದಲ್ಲಿ 90ರ ಹತ್ತಿರ ತೋರಿಸುತ್ತದೆ, 3 ಮಿ.ಮೀ. ಗುಳ್ಳೆ 250ನ್ನೂ ದಾಟಬಹುದು. ಈ 250 ಎಂಬ ಅಂಕಿ ಸುಮ್ಮನೆ ಹೇಳಿದ್ದಲ್ಲ. ಐಇಸಿ 60076-3ರ 2013ರ ಆವೃತ್ತಿಯಲ್ಲಿ ಇಂಡ್ಯೂಸ್ಡ್ ವೋಲ್ಟೇಜ್ ಪರೀಕ್ಷೆಯ (ವೈಂಡಿಂಗಿನಲ್ಲೇ ಹೆಚ್ಚು ವೋಲ್ಟೇಜ್ ಹುಟ್ಟಿಸಿ ನೋಡುವುದು) ಒಂದು ಗಂಟೆಯ ಅವಧಿಗೆ ಇಟ್ಟಿರುವ ಮಿತಿ 250 ಪಿಕೋಕೂಲಂ. ಹಿನ್ನೆಲೆ ಗದ್ದಲ 50 ದಾಟಬಾರದು.

ಕ್ಯಾಲಿಬ್ರೇಷನ್ ಇಲ್ಲದೆ ಈ ಅಂಕಿಗಳಿಗೆ ಅರ್ಥವಿಲ್ಲ. ಗೊತ್ತಿರುವ ವೋಲ್ಟೇಜ್ ಜಿಗಿತವನ್ನು ಗೊತ್ತಿರುವ ಸಣ್ಣ ಕೆಪಾಸಿಟರಿನ ಮೂಲಕ ಟರ್ಮಿನಲ್‌ಗೆ ಕೊಡಬೇಕು. 10 ವೋಲ್ಟ್, 10 ಪಿಕೋಫ್ಯಾರಡ್ ಆದರೆ 100 ಪಿಕೋಕೂಲಂ. ಆ ಕೆಪಾಸಿಟರ್ ಪರೀಕ್ಷಿಸುವ ವಸ್ತುವಿನ ಕೆಪಾಸಿಟಿಯ ಹತ್ತನೇ ಒಂದಕ್ಕಿಂತ ಚಿಕ್ಕದಾಗಿರಬೇಕು, ಇಲ್ಲದಿದ್ದರೆ ಕೊಟ್ಟ ವಿದ್ಯುದಂಶವೇ ಕಡಿಮೆಯಾಗುತ್ತದೆ. ಕ್ಯಾಲಿಬ್ರೇಟರನ್ನು ಉಪಕರಣದ ಟರ್ಮಿನಲ್‌ಗೇ ಹಚ್ಚಬೇಕು. ಕೇಬಲ್ಲಿನ ಇನ್ನೊಂದು ತುದಿಗೆ ಹಚ್ಚಿದರೆ ಕೇಬಲ್ಲಿನ ಕೆಪಾಸಿಟಿಯೂ ಲೆಕ್ಕಕ್ಕೆ ಸೇರಿ ಅಂಕಿ ಸುಳ್ಳಾಗುತ್ತದೆ. ವೋಲ್ಟೇಜ್ ಕೊಡುವ ಮುನ್ನ ಅದನ್ನು ಬಿಚ್ಚಿ ತೆಗೆಯಲು ಮರೆಯಬೇಡಿ.

ಗುಳ್ಳೆಗಳು ಎಲ್ಲಿಂದ ಬರುತ್ತವೆ

ಮೊದಲ ಮೂಲ ಎಣ್ಣೆ ತುಂಬುವ ಕೆಲಸ. ದೊಡ್ಡ ಟ್ರಾನ್ಸ್‌ಫಾರ್ಮರಿನಲ್ಲಿ ಟ್ಯಾಂಕನ್ನು 100 ಪಾಸ್ಕಲ್ ಅಥವಾ ಅದಕ್ಕಿಂತ ಕೆಳಗೆ ಇಳಿಸಿ, ವೋಲ್ಟೇಜ್ ದರ್ಜೆಗೆ ತಕ್ಕಂತೆ ಒಂದೆರಡು ದಿನ ಹಾಗೇ ಹಿಡಿದು, ಅನಿಲ ತೆಗೆದ ಎಣ್ಣೆಯನ್ನು 50-60 ಡಿಗ್ರಿಯಲ್ಲಿ ನಿಧಾನವಾಗಿ ಬಿಡುತ್ತಾರೆ. 100 ಪಾಸ್ಕಲ್‌ನಲ್ಲಿ ಎಲ್ಲೋ ಮೂಲೆಯಲ್ಲಿ ಅನಿಲ ಉಳಿದಿದ್ದರೂ, ತುಂಬಿದ ಮೇಲೆ ವಾತಾವರಣದ ಒತ್ತಡ ಬಿದ್ದಾಗ ಅದರ ಗಾತ್ರ ಸಾವಿರದ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಮಿ.ಮೀ. ಪೊಳ್ಳು 0.1 ಮಿ.ಮೀ. ಆಗುತ್ತದೆ. ಆಮೇಲೆ ಎಣ್ಣೆಯೇ ಅದನ್ನು ಕರಗಿಸಿಕೊಳ್ಳುತ್ತದೆ, ಯಾಕೆಂದರೆ ಖನಿಜ ತೈಲ ವಾತಾವರಣದ ಒತ್ತಡದಲ್ಲಿ ತನ್ನ ಗಾತ್ರದ ಶೇ 10ರಷ್ಟು ಗಾಳಿಯನ್ನು ಕರಗಿಸಿಕೊಳ್ಳಬಲ್ಲದು. ಅನಿಲ ತೆಗೆದ ಎಣ್ಣೆಯಲ್ಲಿ ಕರಗಿರುವುದು ಶೇ ಒಂದಕ್ಕಿಂತ ಕಡಿಮೆ. ಉಳಿದ ಜಾಗವೇ ನಮ್ಮ ಭದ್ರತೆ. ಗಾಳಿ ತುಂಬಿಕೊಂಡ ಎಣ್ಣೆಯನ್ನು ಎಷ್ಟೇ ಒಳ್ಳೆಯ ವ್ಯಾಕ್ಯೂಮಿಗೆ ಬಿಟ್ಟರೂ ಒಳಗೆ ನೊರೆ ಏಳುತ್ತದೆ, ವ್ಯಾಕ್ಯೂಮ್ ಎಳೆದ ಶ್ರಮವೆಲ್ಲ ವ್ಯರ್ಥ.

ತುಂಬಿದ ಮೇಲೆ ಕಾಯಲೇಬೇಕು. ಕಾಯುವ ಅವಧಿ ಹೇಗೆ ಹುಟ್ಟಿತು ಎಂಬುದಕ್ಕೂ ಲೆಕ್ಕವಿದೆ. 40 ಡಿಗ್ರಿಯ ಎಣ್ಣೆಯಲ್ಲಿ ಒಂದು ಮಿ.ಮೀ. ಗುಳ್ಳೆ ಸೆಕೆಂಡಿಗೆ ಕೆಲವು ಸೆಂಟಿಮೀಟರ್ ಏರುತ್ತದೆ, ಎರಡು ಮೀಟರ್ ದಾಟಲು ಒಂದೆರಡು ನಿಮಿಷ ಸಾಕು. 0.1 ಮಿ.ಮೀ. ಗುಳ್ಳೆ ಸೆಕೆಂಡಿಗೆ ಅರ್ಧ ಮಿಲಿಮೀಟರಿನಷ್ಟು ಮಾತ್ರ ಏರುತ್ತದೆ, ಅದೇ ಎರಡು ಮೀಟರಿಗೆ ಒಂದು ಗಂಟೆ. ತಣ್ಣಗಿನ ಎಣ್ಣೆಯಲ್ಲಿ ಇದರ ಎರಡರಷ್ಟು. ಏರುವ ದಾರಿಯಲ್ಲಿ ಪ್ರೆಸ್‌ಬೋರ್ಡಿನ ತಡೆಗಳು, ಉಂಗುರಗಳು, ಸ್ಪೇಸರುಗಳು ಅಡ್ಡ ಬರುತ್ತವೆ. ಅಲ್ಲಿ ಸಿಕ್ಕಿಕೊಂಡದ್ದು ಕರಗಿಯೇ ಹೋಗಬೇಕು, ಕರಗಲು ಬೇಕಾದ ಸಮಯ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ ಪಂಪು ಓಡಿಸಿ ಎಣ್ಣೆಯನ್ನು ಸುತ್ತಾಡಿಸಿ, ನಿಲ್ಲಿಸಿ, ಬುಖೋಲ್ಜ್ ರಿಲೇ (ಏರಿ ಬಂದ ಅನಿಲವನ್ನು ಹಿಡಿದು ಎಚ್ಚರಿಸುವ ಸಾಧನ), ಬುಷಿಂಗ್ ಟರೆಟ್ (ಬುಷಿಂಗ್ ಕೂರುವ ಗೂಡು), ರೇಡಿಯೇಟರ್, ಕೂಲರ್ ಎಲ್ಲ ಕಡೆಯ ಗಾಳಿ ಬಿಡುವ ಸ್ಕ್ರೂಗಳನ್ನು ಒಂದೂ ಬಿಡದೆ ತೆರೆದು, ಬರೀ ಎಣ್ಣೆ ಹೊರಬರುವವರೆಗೆ ನೋಡಿ ಮುಚ್ಚಬೇಕು. ಕಾಯುವ ಅವಧಿ ಮುಗಿದ ಮೇಲೆ ಇನ್ನೊಂದು ಸುತ್ತು. ಕೆಲಸ ಬೇಗ ಮುಗಿಸುವ ಒತ್ತಡದಲ್ಲಿ ಮೊದಲು ಕತ್ತರಿ ಬೀಳುವುದು ಈ ಕಾಯುವ ಸಮಯಕ್ಕೆ. ಅದಕ್ಕೆ ಒಪ್ಪಬೇಡಿ.

ಎರಡನೆಯ ಮೂಲ ಪಂಪಿನ ಹೀರುವ ಬದಿ. ಇದನ್ನು ಹಿಡಿಯುವುದು ಬಹಳ ಕಷ್ಟ. ಬೇರೆಲ್ಲ ಕಡೆ ಗ್ಯಾಸ್ಕೆಟ್ ಸಡಿಲವಾದರೆ ಎಣ್ಣೆ ಹೊರಗೆ ತೊಟ್ಟಿಕ್ಕಿ ನಮಗೆ ಸುಳಿವು ಕೊಡುತ್ತದೆ. ಪಂಪು ಹೀರುವ ಕಡೆ ಒತ್ತಡ ವಾತಾವರಣಕ್ಕಿಂತ ಕೆಳಗೆ ಇಳಿದಿದ್ದರೆ ಎಣ್ಣೆ ಹೊರಬರುವುದಿಲ್ಲ, ಗಾಳಿ ಒಳನುಗ್ಗುತ್ತದೆ. ಹೊರಗಿನಿಂದ ಜೋಡಣೆ ಒಣಗಿ ಅಚ್ಚುಕಟ್ಟಾಗಿ ಕಾಣುತ್ತದೆ. ಪಂಪಿನ ರೆಕ್ಕೆಗಳು ಆ ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಕಡೆದು ನೇರವಾಗಿ ವೈಂಡಿಂಗಿನ ನಾಳಗಳಿಗೆ ಕಳಿಸುತ್ತವೆ. ಬುಖೋಲ್ಜ್ ರಿಲೇಯಲ್ಲಿ ಮತ್ತೆ ಮತ್ತೆ ಅನಿಲ ಸೇರುತ್ತಿದ್ದು, ಪರೀಕ್ಷಿಸಿದರೆ ಅದು ಸಾದಾ ಗಾಳಿಯೇ ಆಗಿದ್ದರೆ, ಪಂಪುಗಳನ್ನು ಒಂದೊಂದಾಗಿ ನಿಲ್ಲಿಸಿ ಯಾವುದನ್ನು ನಿಲ್ಲಿಸಿದಾಗ ಅನಿಲ ಸೇರುವುದು ನಿಂತಿತು ಎಂದು ನೋಡಿ. ಪಂಪು ನಿಂತಿರುವಾಗ ಅದೇ ಜೋಡಣೆಯ ಮೇಲೆ ಎಣ್ಣೆಯ ಭಾರ ಬೀಳುವುದರಿಂದ ಕೆಲವೊಮ್ಮೆ ಆಗ ಮಾತ್ರ ಸಣ್ಣಗೆ ಜಿನುಗು ಕಾಣಿಸುತ್ತದೆ.

ಮೂರನೆಯದು ಬಿಸಿ. ಕಾಗದದಲ್ಲಿರುವ ತೇವ ಬಿಸಿಯಾದಾಗ ಆವಿಯಾಗಿ ಕಾಗದದ ಪದರಗಳಿಂದ ಗುಳ್ಳೆಯಾಗಿ ಹೊರಡುತ್ತದೆ. ಊಮ್ಮೆನ್ ಮತ್ತು ಲಿಂಡ್‌ಗ್ರೆನ್ 2001ರಲ್ಲಿ ಪ್ರಕಟಿಸಿದ ಸೂತ್ರದಲ್ಲಿ ಅನಿಲವಿಲ್ಲದ ಎಣ್ಣೆ, ವಾತಾವರಣದ ಒತ್ತಡ ಎಂದಿಟ್ಟು ಲೆಕ್ಕ ಹಾಕಿದರೆ, ಕಾಗದದಲ್ಲಿ ತೇವ ಶೇ 0.5 ಇದ್ದಾಗ ಗುಳ್ಳೆ ಹೊರಡುವುದು 200 ಡಿಗ್ರಿಯ ಹತ್ತಿರ, ಶೇ 1 ಇದ್ದಾಗ 170ರ ಹತ್ತಿರ, ಶೇ 2ಕ್ಕೆ ಸುಮಾರು 143, ಶೇ 3ಕ್ಕೆ ಸುಮಾರು 129. ಎಣ್ಣೆಯಲ್ಲಿ ಅನಿಲ ಕರಗಿದ್ದರೆ ಇನ್ನೂ ಕಡಿಮೆ. ಹೊಸ ಟ್ರಾನ್ಸ್‌ಫಾರ್ಮರಿಗೆ ಓವರ್‌ಲೋಡ್ ಕೊಟ್ಟಾಗ ತೊಂದರೆಯಾಗಲಿಲ್ಲ, ಅದಕ್ಕೇ ಹಳೆಯದಕ್ಕೂ ಕೊಡಬಹುದು ಎಂಬ ಯೋಚನೆ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಬಿಸಿ ಏರುವ ವೇಗವೂ ಮುಖ್ಯ. ನಿಧಾನವಾಗಿ ಬಿಸಿಯಾದರೆ ತೇವಕ್ಕೆ ಕಾಗದ ಬಿಟ್ಟು ಎಣ್ಣೆಗೆ ಇಳಿಯಲು ಸಮಯ ಸಿಗುತ್ತದೆ. ಲೋಡ್ ಒಮ್ಮೆಗೇ ಏರಿದರೆ ಆ ಸಮಯ ಸಿಗುವುದಿಲ್ಲ.

ನಾಲ್ಕನೆಯದು ತಣ್ಣಗಾಗುವಿಕೆ, ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. ಸಾರಜನಕ ಬಿಸಿ ಎಣ್ಣೆಯಲ್ಲಿ ಹೆಚ್ಚು ಕರಗುತ್ತದೆ, ತಣ್ಣನೆಯದರಲ್ಲಿ ಕಡಿಮೆ. ಎಣ್ಣೆಯ ಮೇಲೆ ಸಾರಜನಕ ತುಂಬಿಟ್ಟ ಟ್ರಾನ್ಸ್‌ಫಾರ್ಮರ್ ಭಾರಿ ಲೋಡಿನಲ್ಲಿ ಬಿಸಿಯಾಗಿದ್ದು ತಟ್ಟನೆ ತಣ್ಣಗಾದರೆ, ಕರಗುವ ಶಕ್ತಿಯೂ ಇಳಿಯುತ್ತದೆ, ಎಣ್ಣೆ ಕುಗ್ಗುವುದರಿಂದ ಮೇಲಿನ ಅನಿಲದ ಒತ್ತಡವೂ ಇಳಿಯುತ್ತದೆ. ಎರಡೂ ಸೇರಿ ಹೆಚ್ಚಾದ ಸಾರಜನಕ ಗುಳ್ಳೆಯಾಗಿ ಬೇರ್ಪಡುತ್ತದೆ.

ಡಿಸ್ಚಾರ್ಜ್ ತಾನೇ ಹುಟ್ಟಿಸುವ ಅನಿಲ

ಗುಳ್ಳೆಯೊಳಗಿನ ಎಲೆಕ್ಟ್ರಾನುಗಳು ಎಣ್ಣೆಯ ಗೋಡೆಗೆ ಬಡಿದಾಗ ಇಂಗಾಲ-ಹೈಡ್ರೋಜನ್ ಬಂಧಗಳು ಮುರಿಯುತ್ತವೆ. ಮುಖ್ಯವಾಗಿ ಬರುವುದು ಹೈಡ್ರೋಜನ್, ಜೊತೆಗೆ ಸ್ವಲ್ಪ ಮೀಥೇನ್. ಕರಗಿದ ಅನಿಲಗಳ ವಿಶ್ಲೇಷಣೆಯಲ್ಲಿ ಮೀಥೇನ್-ಹೈಡ್ರೋಜನ್ ಅನುಪಾತ 0.1ಕ್ಕಿಂತ ಕೆಳಗಿದ್ದರೆ ಐಇಸಿ 60599 ಪಾರ್ಷಿಯಲ್ ಡಿಸ್ಚಾರ್ಜ್ (ಪೂರ್ತಿ ಅಂತರ ದಾಟದ, ಗುಳ್ಳೆಯೊಳಗಿನಂಥ ಡಿಸ್ಚಾರ್ಜ್) ಕಡೆಗೆ ಬೊಟ್ಟು ಮಾಡುತ್ತದೆ. ಅಸಿಟಿಲೀನ್ ಕಾಣಿಸಿಕೊಂಡರೆ ವಿಷಯ ಗುಳ್ಳೆಯನ್ನು ದಾಟಿ ಕಿಡಿಗೆ ಮುಟ್ಟಿದೆ ಎಂದರ್ಥ. ಮುರಿದ ಅಣುಗಳು ಒಂದಕ್ಕೊಂದು ಅಂಟಿ ಕಾಗದದ ಮೇಲೆ ಮೇಣದಂಥ ಪದರವನ್ನೂ ಕಟ್ಟುತ್ತವೆ. ಅದು ಎಣ್ಣೆ ಒಳಗಿಳಿಯುವ ದಾರಿ ಮುಚ್ಚುವುದರಿಂದ ಹೊಸ ಪೊಳ್ಳುಗಳಿಗೆ ಎಡೆಯಾಗುತ್ತದೆ.

ಹುಟ್ಟಿದ ಹೈಡ್ರೋಜನ್ ಗುಳ್ಳೆಯನ್ನು ಬೆಳೆಸುತ್ತದೆಯೋ, ಎಣ್ಣೆಯೇ ಅದನ್ನು ನುಂಗುತ್ತದೆಯೋ ಎಂಬುದು ಎಣ್ಣೆಯ ಜಾತಿಯ ಮೇಲೆ ನಿಂತಿದೆ. ಆರೋಮ್ಯಾಟಿಕ್ (ಬೆಂಜೀನ್‌ನಂಥ ಉಂಗುರವಿರುವ) ಅಂಶ ಸಾಕಷ್ಟಿರುವ ಎಣ್ಣೆ ಡಿಸ್ಚಾರ್ಜಿನ ಸಮ್ಮುಖದಲ್ಲಿ ಹೈಡ್ರೋಜನನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಅದಿಲ್ಲದ ಎಣ್ಣೆ ಇನ್ನಷ್ಟು ಹೈಡ್ರೋಜನ್ ಬಿಡುತ್ತದೆ, ಗುಳ್ಳೆ ದೊಡ್ಡದಾಗುತ್ತದೆ, ದೊಡ್ಡ ಗುಳ್ಳೆ ಕಡಿಮೆ ಕ್ಷೇತ್ರದಲ್ಲೇ ಸಿಡಿಯುತ್ತದೆ. ಎಣ್ಣೆ ಕೊಳ್ಳುವಾಗ ಗ್ಯಾಸಿಂಗ್ ಟೆಂಡೆನ್ಸಿ (ಅನಿಲ ಬಿಡುವ ಅಥವಾ ನುಂಗುವ ಗುಣ) ಎಂಬ ಸಾಲನ್ನು ಓದದೆ ಬಿಡುವವರೇ ಹೆಚ್ಚು. ಹೆಚ್ಚು ಕ್ಷೇತ್ರದಲ್ಲಿ ಕೆಲಸ ಮಾಡುವ ಉಪಕರಣಕ್ಕೆ ಆ ಸಾಲು ಬ್ರೇಕ್‌ಡೌನ್ ವೋಲ್ಟೇಜಿನಷ್ಟೇ ಮುಖ್ಯ ಎಂದು ನಮ್ಮ ಅಭಿಪ್ರಾಯ.

ಪರೀಕ್ಷೆಯಲ್ಲಿ ಡಿಸ್ಚಾರ್ಜ್ ಕಂಡರೆ

ಟ್ಯಾಂಕ್ ತೆರೆಯುವ ಮುನ್ನ ಮಾಡಬೇಕಾದ ಕೆಲಸಗಳಿವೆ. ಶುರುವಾದ ವೋಲ್ಟೇಜ್, ನಿಂತ ವೋಲ್ಟೇಜ್, ಆಗಿನ ಎಣ್ಣೆಯ ಬಿಸಿ, ಪಂಪಿನ ಸ್ಥಿತಿ, ತುಂಬಿ ಎಷ್ಟು ಗಂಟೆಯಾಯಿತು, ಇಷ್ಟನ್ನೂ ಬರೆದಿಡಿ. ವೋಲ್ಟೇಜ್ ಇಳಿಸಿ, ಪಂಪು ಓಡಿಸಿ ನಿಲ್ಲಿಸಿ, ಎಲ್ಲ ಸ್ಕ್ರೂಗಳಿಂದ ಗಾಳಿ ಬಿಟ್ಟು, ಹನ್ನೆರಡು ಗಂಟೆಯೋ ಒಂದು ದಿನವೋ ಕಾದು ಮತ್ತೆ ಪರೀಕ್ಷಿಸಿ. ಶುರುವಾಗುವ ಮಟ್ಟ ಮೇಲೇರಿದ್ದರೆ ಅಥವಾ ಡಿಸ್ಚಾರ್ಜ್ ಮಾಯವಾಗಿದ್ದರೆ ಗುಳ್ಳೆಯ ಅನುಮಾನ ಬಲವಾಗುತ್ತದೆ. ಅದೇ ಮಟ್ಟದಲ್ಲಿ, ಅದೇ ರೂಪದಲ್ಲಿ ಮರಳಿದರೆ ಗಟ್ಟಿ ನಿರೋಧಕದೊಳಗಿನ ಪೊಳ್ಳು ಅಥವಾ ಸಡಿಲ ಸಂಪರ್ಕವನ್ನು ಹುಡುಕಿ. ತಯಾರಕರು ಒಪ್ಪುವ ಮಿತಿಯೊಳಗೆ ಕನ್ಸರ್ವೇಟರಿನ (ಟ್ಯಾಂಕಿನ ಮೇಲಿರುವ ಎಣ್ಣೆ ಡಬ್ಬಿ) ಮೇಲೆ ಒಣ ಅನಿಲದಿಂದ ಒತ್ತಡ ಸ್ವಲ್ಪ ಏರಿಸಿ ನೋಡುವುದು ಇನ್ನೂ ಒಳ್ಳೆಯ ಸಾಕ್ಷಿ. ಎಣ್ಣೆಯಲ್ಲಿರುವ ಗುಳ್ಳೆಯ ಮೇಲೆ ಒತ್ತಡ ತಕ್ಷಣ ಪರಿಣಾಮ ಬೀರುತ್ತದೆ. ಎಪಾಕ್ಸಿಯೊಳಗೆ ಮುಚ್ಚಿಹೋದ ಪೊಳ್ಳಿಗೆ ಅದು ತಟ್ಟುವುದೇ ಇಲ್ಲ.

ಜಾಗ ಪತ್ತೆಗೆ ಟ್ಯಾಂಕಿನ ಗೋಡೆಗೆ ಅಂಟಿಸುವ ಶಬ್ದ ಸಂವೇದಕಗಳು ಸಾಮಾನ್ಯ. ಎಣ್ಣೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1400 ಮೀಟರ್ ಓಡುತ್ತದೆ, ವಿದ್ಯುತ್ ಪಲ್ಸಿಗೂ ಶಬ್ದಕ್ಕೂ ನಡುವಿನ ಒಂದು ಮಿಲಿಸೆಕೆಂಡ್ ಅಂತರ 1.4 ಮೀಟರ್ ದೂರ ಹೇಳುತ್ತದೆ. ಬಿಸಿ ಎಣ್ಣೆಯಲ್ಲಿ ವೇಗ ಕಡಿಮೆ, ಅದನ್ನು ತಿದ್ದಿಕೊಳ್ಳಿ. ಎರಡು ಸಲ ಅಳೆದಾಗ ಎರಡು ಜಾಗ ತೋರಿಸಿದರೆ, ಎರಡನೆಯದು ಮೊದಲನೆಯದಕ್ಕಿಂತ ಮೇಲಿದ್ದರೆ, ಸಂವೇದಕವನ್ನು ದೂರುವ ಮೊದಲು ಮೂಲವೇ ಮೇಲೇರಿರಬಹುದೇ ಎಂದು ಯೋಚಿಸಿ.

ಖನಿಜ ತೈಲದ ಬದಲು ಬಳಸುವ ಎಸ್ಟರ್ ದ್ರವಗಳ ಬಗ್ಗೆ ಈಗ ಹೆಚ್ಚು ಕೇಳುತ್ತಾರೆ. ನೈಸರ್ಗಿಕ ಎಸ್ಟರಿನ (ಸಸ್ಯದ ಎಣ್ಣೆಯಿಂದ ಬಂದದ್ದು) ಪರ್ಮಿಟಿವಿಟಿ 3.1ರ ಹತ್ತಿರ, ಉರುಟು ಗುಳ್ಳೆಯಲ್ಲಿ ಕ್ಷೇತ್ರದ ಹೆಚ್ಚಳ 1.29. ಖನಿಜ ತೈಲದ 1.22ಕ್ಕೆ ಹೋಲಿಸಿದರೆ ಇದು ದೊಡ್ಡ ವ್ಯತ್ಯಾಸವಲ್ಲ. ವ್ಯತ್ಯಾಸ ಇರುವುದು ಸ್ನಿಗ್ಧತೆಯಲ್ಲಿ. 40 ಡಿಗ್ರಿಯಲ್ಲಿ ಖನಿಜ ತೈಲ ಸೆಕೆಂಡಿಗೆ 10 ಚದರ ಮಿ.ಮೀ. ಆಸುಪಾಸಿನಲ್ಲಿದ್ದರೆ ನೈಸರ್ಗಿಕ ಎಸ್ಟರ್ 33ರ ಹತ್ತಿರ. 0.1 ಮಿ.ಮೀ. ಗುಳ್ಳೆ ಎರಡು ಮೀಟರ್ ಏರಲು ಒಂದು ಗಂಟೆಯ ಬದಲು ಮೂರು ಗಂಟೆಗೂ ಹೆಚ್ಚು ಬೇಕು, ಕಾಗದ ಮತ್ತು ಪ್ರೆಸ್‌ಬೋರ್ಡ್ ಪೂರ್ತಿ ನೆನೆಯಲೂ ಹೆಚ್ಚು ಸಮಯ ಹಿಡಿಯುತ್ತದೆ. ಖನಿಜ ತೈಲಕ್ಕೆಂದು ಬರೆದಿಟ್ಟ ಕಾಯುವ ಗಂಟೆಗಳನ್ನು ಎಸ್ಟರಿಗೆ ಹಾಗೆಯೇ ಬಳಸಬೇಡಿ, ದ್ರವ ಮತ್ತು ಉಪಕರಣದ ತಯಾರಕರು ಕೊಟ್ಟ ಅವಧಿಯನ್ನೇ ಹಿಡಿಯಿರಿ. ದ್ರವವನ್ನು ಬೆಚ್ಚಗೆ ಇಟ್ಟೇ ಕಾಯಿರಿ, ತಣ್ಣಗಾದಷ್ಟೂ ಗುಳ್ಳೆ ಏರುವುದು ನಿಧಾನವಾಗುತ್ತದೆ.